ತುಂಗಭದ್ರೆಯ ಯೋಗಕ್ಷೇಮ

ಕಾಗದ ಬರೆಯುವ ವಾಡಿಕೆಯಿದ್ದ ಕಾಲದಲ್ಲಿ ನಮ್ಮ ಮನೆಗಳ ಹಿರಿಯರು ಮೊದಲ ಪಂಕ್ತಿಯಲ್ಲಿ ತಮ್ಮ ಕ್ಷೇಮವನ್ನು ತಿಳಿಸಿ, ಕಡೆಯ ಪಂಕ್ತಿಯಲ್ಲಿ "ನಿಮ್ಮೆಲ್ಲರ ಯೋಗಕ್ಷೇಮಕ್ಕೆ ಬರೆಯುತ್ತಿರಬೇಕು" ಎಂದು ಮುಗಿಸುತ್ತಿದ್ದರು. ಆ ಮಾತು ಅಷ್ಟು ಬಳಕೆಯದಾದುದರಿಂದ ಅದರ ಅರ್ಥವನ್ನು ವಿಚಾರಿಸುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ನಾನಾದರೋ ಶಾಲೆಯಲ್ಲಿ ಮೂರು ದಶಕಗಳ ಕಾಲ ಮಕ್ಕಳಿಗೆ ಅದನ್ನು ದ್ವಂದ್ವ ಸಮಾಸಕ್ಕೆ ಉದಾಹರಣೆಯಾಗಿ ಬರೆಯಿಸಿದವನು. ಇಲ್ಲದುದನ್ನು ಪಡೆಯುವುದು ಯೋಗ. ಪಡೆದುದನ್ನು ಕೆಡದಂತೆ ಕಾಪಾಡಿಕೊಳ್ಳುವುದು ಕ್ಷೇಮ. ಹೀಗೆಂದು ಹಲಗೆಯ ಮೇಲೆ ಎಷ್ಟು ಸಾರಿ ಬರೆದಿರುವೆನೋ ಲೆಕ್ಕವಿಲ್ಲ. ಆದರೆ ಈ ಶಬ್ದದ ಉತ್ತರಾರ್ಧದ ತೂಕವೆಷ್ಟೆಂಬುದು ನನಗೆ ತಿಳಿದುಬಂದುದು ಕೆಲಸದಿಂದ ನಿವೃತ್ತನಾಗಿ ಮನೆಯಲ್ಲಿ ಕುಳಿತ ಮೇಲೆ, ೨೦೨೪ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ.

ಆ ತಿಂಗಳ ೧೦ನೆಯ ತಾರೀಖು ಶನಿವಾರ ರಾತ್ರಿ ಹೊಸಪೇಟೆಯ ಬಳಿಯ ತುಂಗಭದ್ರಾ ಅಣೆಕಟ್ಟಿನ ಹತ್ತೊಂಬತ್ತನೆಯ ಬಾಗಿಲಿನ ಸರಪಣಿ ಕಡಿದು, ಬಾಗಿಲು ನೀರಿನಲ್ಲಿ ಕೊಚ್ಚಿಹೋಯಿತು. ಮರುದಿನ ಬೆಳಗಾಗುವಷ್ಟರಲ್ಲಿ ನಮ್ಮ ಸತ್ಯನಾರಾಯಣಪೇಟೆಯ ಬೀದಿಯಲ್ಲಿ ಅದೇ ಮಾತು. ಹಂಡೆ, ಕೊಡ, ಬಕೀಟುಗಳನ್ನೆಲ್ಲ ತುಂಬಿಡುವ ಗಡಿಬಿಡಿ. ಸಿರುಗುಪ್ಪದ ಕಡೆ ಬೇಸಾಯ ಮಾಡಿಕೊಂಡಿರುವ ನನ್ನ ಸೋದರಳಿಯನು ದೂರವಾಣಿಯಲ್ಲಿ, "ಮಾವ, ಕೆರಿ ಎಲ್ಲಾ ಖಾಲಿ ಮಾಡಿದರೇನೇ ಬಾಗಿಲು ಕೂಡ್ರಿಸೋದು ಅಂತಾರ. ಭತ್ತದ ಸಸಿ ಮಡಿಯೊಳಗ ನಿಂತಾವ. ನಾಟಿ ಮಾಡಿಸಲೋ, ಬಿಡಲೋ ಹೇಳ್ರಿ" ಎಂದನು. ಸಂಸ್ಕೃತ ಕಲಿತ ಈ ಮಾವನಿಂದ ಅವನಿಗೆ ಉತ್ತರ ಸಿಕ್ಕಲಿಲ್ಲ. ಎಪ್ಪತ್ತು ವರ್ಷಗಳಿಂದ ಇದ್ದೇ ಇರುವುದೆಂದು ನಾವು ನಂಬಿದ್ದ ನೀರು ಒಂದು ಸರಪಣಿಗೆ ತೂಗುಬಿದ್ದಿತ್ತೆಂಬುದು ಆ ದಿನ ಎಲ್ಲರಿಗೂ ಅರಿವಾಯಿತು. ಆದಕಾರಣ ಈ ತಿಂಗಳು ನಮ್ಮ ನದಿಯ ಕಥೆಯನ್ನು ಯೋಗಕ್ಷೇಮವೆಂಬ ಶಬ್ದದ ಬೆಳಕಿನಲ್ಲಿ ಹೇಳಬೇಕೆಂದು ಮನಸ್ಸಾಗಿದೆ.

ಮೊದಲು ನದಿಯ ಪರಿಚಯ. ಪಶ್ಚಿಮಘಟ್ಟದ ವರಾಹಪರ್ವತದಲ್ಲಿ ಗಂಗಾಮೂಲವೆಂಬ ಸ್ಥಳವುಂಟು. ಭೂಮಿಯನ್ನು ಎತ್ತಿ ದಣಿದ ಆದಿವರಾಹನು ಅಲ್ಲಿ ವಿಶ್ರಮಿಸಿಕೊಂಡನೆಂದೂ, ಅವನ ಎರಡು ಕೋರೆದಾಡೆಗಳಿಂದ ಎರಡು ಹೊಳೆಗಳು ಇಳಿದುವೆಂದೂ ಪುರಾಣವು ಹೇಳುವುದು. ಒಂದು ತುಂಗೆ, ಇನ್ನೊಂದು ಭದ್ರೆ. ತುಂಗವೆಂದರೆ ಉನ್ನತವಾದುದು, ಭದ್ರವೆಂದರೆ ಮಂಗಳವಾದುದು. ಶೃಂಗೇರಿಯನ್ನು ತೊಳೆದು ಬರುವ ತುಂಗೆಯೂ, ಬೇರೆ ದಾರಿ ಹಿಡಿದು ಬರುವ ಭದ್ರೆಯೂ ಶಿವಮೊಗ್ಗೆಯ ಹತ್ತಿರ ಕೂಡಲಿಯಲ್ಲಿ ಒಂದಾಗುವುವು. ಅಲ್ಲಿಂದ ಮುಂದೆ ತುಂಗಭದ್ರೆಯೆಂಬ ಜೋಡು ಹೆಸರಿನಿಂದ ಸುಮಾರು ೫೩೦ ಕಿಲೋಮೀಟರು ಹರಿದು, ಕರ್ನೂಲನ್ನು ದಾಟಿ ಕೃಷ್ಣೆಯನ್ನು ಸೇರುವುದು. ನಡುದಾರಿಯಲ್ಲಿ ಕುಮುದ್ವತಿ, ಹರಿದ್ರೆ, ವರದೆ ಮೊದಲಾದ ಹೊಳೆಗಳು ಬಂದು ಕೂಡಿಕೊಳ್ಳುವುವು. ವೇದವತಿಯು ನಮ್ಮ ಸೀಮೆಯಲ್ಲಿ ಹಗರಿಯೆನಿಸಿಕೊಂಡು, ವರ್ಷದ ಬಹುಭಾಗ ಮರಳನ್ನೇ ತೋರಿಸುತ್ತ ಬಂದು ಸಿರುಗುಪ್ಪ ತಾಲೂಕಿನಲ್ಲಿ ಸಂಗಮಿಸುವಳು. ಈ ಮರಳ ಹಗರಿಯನ್ನು ನೋಡಿದವರಿಗೆ ಮಾತ್ರ ತುಂಗಭದ್ರೆಯ ಬೆಲೆ ತಿಳಿಯುವುದು. ಮಲೆನಾಡಿನಲ್ಲಿ ಹುಟ್ಟಿದರೂ ಈ ನದಿಯು ತನ್ನ ಬಾಳಿನ ಹೆಚ್ಚು ಭಾಗವನ್ನು ಸವೆಸುವುದು ನಮ್ಮಂಥ ಬಯಲುಸೀಮೆಯಲ್ಲಿ. ಗಂಗೆಯಲ್ಲಿ ಮೀಯಬೇಕು, ತುಂಗೆಯ ನೀರು ಕುಡಿಯಬೇಕು ಎಂಬ ಗಾದೆಯನ್ನು ಕಟ್ಟಿದವರು ಬಾಯಾರಿಕೆಯನ್ನು ಬಲ್ಲವರೇ ಇರಬೇಕು.

ಈ ದಡದಲ್ಲಿ ಮನುಷ್ಯರು ಒಕ್ಕಲಾದುದು ನಿನ್ನೆ ಮೊನ್ನೆಯಲ್ಲ. ಸಿರುಗುಪ್ಪ ತಾಲೂಕಿನ ತೆಕ್ಕಲಕೋಟೆಯಲ್ಲಿ ೧೯೬೩-೬೪ರಲ್ಲಿ ಡಾ. ಎಂ. ಎಸ್. ನಾಗರಾಜರಾಯರು ನಡೆಸಿದ ಉತ್ಖನನದಿಂದ ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದಿನ ನೂತನ ಶಿಲಾಯುಗದ ಜನವಸತಿ ಬೆಳಕಿಗೆ ಬಂದಿತು. ಬಳ್ಳಾರಿಯ ಮಗ್ಗುಲಲ್ಲಿರುವ ಸಂಗನಕಲ್ಲು ಗುಡ್ಡದ ಜನರೂ ಅದೇ ಕಾಲದವರು. ಕಲ್ಲಿನ ಕೊಡಲಿಗಳನ್ನು ಮಸೆದುಕೊಂಡು, ದನಗಳನ್ನು ಸಾಕಿಕೊಂಡು, ಹುರುಳಿ ಹೆಸರುಗಳನ್ನು ಬೆಳೆದುಕೊಂಡಿದ್ದ ಈ ಪೂರ್ವಿಕರ ಅಡುಗೆಯ ಹುರುಳಿಯು ಇಂದಿಗೂ ನಮ್ಮ ಒಲೆಯ ಮೇಲೆ ಬೇಯುತ್ತಿರುವುದು. ಅದೇ ತಾಲೂಕಿನ ನಿಟ್ಟೂರಿನ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಶಾಸನವುಂಟು, ಉದೇಗೋಳದಲ್ಲಿ ಇನ್ನೊಂದು. ತಾಯಿತಂದೆಗಳ ಮಾತನ್ನು ಕೇಳಬೇಕು, ಗುರುಗಳನ್ನು ಗೌರವಿಸಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು ಎಂಬುದು ಅವುಗಳ ತಾತ್ಪರ್ಯ. ಇಪ್ಪತ್ತೆರಡು ಶತಮಾನಗಳಿಗೆ ಹಿಂದೆ ದೂರದ ಪಾಟಲಿಪುತ್ರದ ಅರಸನು ಮನೆವಾರ್ತೆಯ ಈ ಬುದ್ಧಿವಾದವನ್ನು ನಮ್ಮ ಹೊಳೆಯ ದಂಡೆಯಲ್ಲಿ ಕೆತ್ತಿಸಿದನೆಂದರೆ, ಓದಿ ಕೇಳುವ ಒಕ್ಕಲು ಇಲ್ಲಿದ್ದಿತೆಂದೇ ಅರ್ಥ.

ಮುಂದಿನ ಕಾಲದ ವೈಭವವನ್ನು ವಾಚಕರು ಬಲ್ಲರು. ಪಂಪಾಸರೋವರವೂ ಕಿಷ್ಕಿಂಧೆಯೂ ಇಲ್ಲಿಯವೇ ಎಂದು ಈ ಸೀಮೆಯವರ ನಂಬಿಕೆ. ಹಳಗನ್ನಡದ ಪಾಲು ಹೊಸಗನ್ನಡದಲ್ಲಿ ಹಾಲಾದಂತೆ ಪಂಪೆಯೇ ಹಂಪೆಯಾದಳು. ಕಲ್ಯಾಣದ ಚಾಲುಕ್ಯರ ಒಂದನೆಯ ಸೋಮೇಶ್ವರನು ವಾಸಿಯಾಗದ ಜ್ವರದಿಂದ ಬಳಲಿ, ೧೦೬೮ರಲ್ಲಿ ಕುರುವತ್ತಿಯ ಬಳಿ ಈ ನದಿಯಲ್ಲಿ ಇಳಿದು ದೇಹತ್ಯಾಗ ಮಾಡಿದನು. ಕಾಶ್ಮೀರದಿಂದ ಬಂದ ಬಿಲ್ಹಣ ಕವಿಯು ತನ್ನ ವಿಕ್ರಮಾಂಕದೇವಚರಿತದಲ್ಲಿ ಆ ಸಂದರ್ಭವನ್ನು ವರ್ಣಿಸಿರುವನು. ಕುರುಗೋಡಿನಲ್ಲಿ ಸಿಂದರು ಆಳಿದರು. ಹಂಪೆಯಲ್ಲಿ ಹರಿಹರ ರಾಘವಾಂಕರು ಕಾವ್ಯಗಳನ್ನು ರಚಿಸಿದರು. ಅದೇ ಹಂಪೆಯು ವಿಜಯನಗರದ ರಾಜಧಾನಿಯಾಯಿತು. ಆನೆಗೊಂದಿಯ ನಡುಗಡ್ಡೆಯಲ್ಲಿ ವ್ಯಾಸತೀರ್ಥರೇ ಮೊದಲಾದ ಯತಿಗಳ ವೃಂದಾವನಗಳಿರುವುವು. ಕೆಳಗಡೆ ಮಂತ್ರಾಲಯದಲ್ಲಿ ಶ್ರೀ ರಾಘವೇಂದ್ರಸ್ವಾಮಿಗಳು ೧೬೭೧ರಲ್ಲಿ ವೃಂದಾವನ ಪ್ರವೇಶ ಮಾಡಿದರು. ಹುಲಿಗಿಯ ಹುಲಿಗೆಮ್ಮ, ಮೈಲಾರದ ಕಾರಣಿಕ, ಇವೆಲ್ಲ ಈ ನೀರಿನ ನೆರೆಯವೇ.

ಇವೆಲ್ಲವೂ ಹೆಚ್ಚಾಗಿ ಪಡೆದುದರ ಕಥೆ, ಎಂದರೆ ಯೋಗದ ಕಥೆ. ಕಟ್ಟಿಸಿದವನ ಹೆಸರು, ಗೆದ್ದವನ ಬಿರುದು, ಕೊಟ್ಟವನ ದಾನ, ಇವು ಕಲ್ಲಿನ ಮೇಲೆ ನಿಲ್ಲುವುವು. ಕಟ್ಟಿದುದನ್ನು ವರ್ಷವರ್ಷವೂ ಕಾದವನ ಹೆಸರನ್ನು ಕೆತ್ತುವವರು ಕಡಮೆ. ಆದರೂ ಅಂಥ ಒಂದು ಶಾಸನ ನಮ್ಮ ಪುಣ್ಯದಿಂದ ಉಳಿದುಬಂದಿರುವುದು.

ಅದು ಇರುವುದು ತುಂಗಭದ್ರೆಯ ದಂಡೆಯ ಹರಿಹರ ಕ್ಷೇತ್ರದಲ್ಲಿ. ೧೪೧೦ರಲ್ಲಿ ಅಲ್ಲಿಯ ಹರಿದ್ರಾ ನದಿಗೆ ಅಣೆ ಕಟ್ಟಿ, ಕಾಲುವೆ ತೆಗೆದು, ದೇವರ ಭೂಮಿಗೂ ಬ್ರಾಹ್ಮಣರ ಭೂಮಿಗೂ ನೀರು ಒದಗಿಸಿದರು. ಅಷ್ಟರಲ್ಲಿಯೇ ಕಥೆ ಮುಗಿದಿದ್ದರೆ ಅದು ಸಾವಿರಾರು ದಾನಶಾಸನಗಳಲ್ಲಿ ಒಂದಾಗುತ್ತಿತ್ತು. ಆದರೆ ಅಲ್ಲಿಯೇ ೧೪೨೪ರ ಇನ್ನೊಂದು ಶಾಸನವು, ಆ ಅಣೆಯು ಒಡೆದುಹೋದುದನ್ನೂ, ದೇವರಾಯನ ಸೇನಾಪತಿಯಾದ ಚಾಮನೃಪಾಲನ ಧನಸಹಾಯದಿಂದ ಅದನ್ನು ಮತ್ತೆ ಕಟ್ಟಿದುದನ್ನೂ ತಿಳಿಸುವುದು. ನಡುವಿನ ಅಂತರ ೧೪ ವರ್ಷಗಳು ಮಾತ್ರ. ಒಡೆದುದನ್ನು ಮರೆಮಾಚದೆ ಕಲ್ಲಿನಲ್ಲಿ ಬರೆಯಿಸಿದ ಆ ಜನರ ಸರಳತೆಯನ್ನು ನಾನು ಮೆಚ್ಚುವೆನು. ಕಟ್ಟಿದುದು ಒಡೆಯುವುದು ಸಹಜವೆಂದೂ, ಒಡೆದುದನ್ನು ಕಟ್ಟುವುದು ಹೊಸದಾಗಿ ಕಟ್ಟಿದಷ್ಟೇ ಪುಣ್ಯವೆಂದೂ ಅವರು ತಿಳಿದಿದ್ದರು. ನಮ್ಮ ಧರ್ಮಶಾಸ್ತ್ರಗಳಲ್ಲಿಯೂ ಜೀರ್ಣೋದ್ಧಾರಕ್ಕೆ ಹಿರಿಯ ಸ್ಥಾನವುಂಟು.

ನೀರಿನ ಕೆಲಸದಲ್ಲಿ ಯಾವುದು ಗುಣ, ಯಾವುದು ದೋಷ ಎಂಬುದನ್ನು ವಿಜಯನಗರದವರು ಶಾಸ್ತ್ರೀಯವಾಗಿಯೇ ವಿಚಾರಮಾಡಿದ್ದರು. ಒಂದನೆಯ ಬುಕ್ಕರಾಯನ ಮಗ ಭಾಸ್ಕರನು, ಭವದೂರನೆಂದು ಅವನಿಗೆ ಇನ್ನೊಂದು ಹೆಸರು, ಈಗಿನ ಕಡಪಾ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಒಂದು ದೊಡ್ಡ ಕೆರೆಯನ್ನು ಕಟ್ಟಿಸಿ, ೧೩೬೯ರಲ್ಲಿ ಸಂಸ್ಕೃತದಲ್ಲಿ ಶಾಸನ ಹಾಕಿಸಿದನು. ಸಾವಿರ ಆಳುಗಳೂ ನೂರು ಗಾಡಿಗಳೂ ಎರಡು ವರ್ಷ ದುಡಿದು ಮುಗಿಸಿದ ಕೆಲಸವದು. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ, ಕೆರೆಗೆ ತಗಲುವ ಆರು ದೋಷಗಳನ್ನೂ ಆ ಶಾಸನದಲ್ಲಿ ಎಣಿಸಿರುವುದುಂಟು. ಏರಿಯಲ್ಲಿ ನೀರು ಒಸರುವುದು ಒಂದು ದೋಷ. ಭೂಮಿಯು ಸವಳಾಗಿರುವುದು ಎರಡನೆಯದು. ಎರಡು ರಾಜ್ಯಗಳ ಗಡಿಯ ಮೇಲೆ ಕೆರೆಯಿರುವುದು ಮೂರನೆಯದು. ಕೆರೆಯ ನಡುವೆ ನೆಲವು ಉಬ್ಬಿರುವುದು ನಾಲ್ಕನೆಯದು. ನೀರು ಸ್ವಲ್ಪವಿದ್ದು ಸಾಗುವಳಿಯ ಭೂಮಿ ಹೆಚ್ಚಾಗಿರುವುದು ಐದನೆಯದು. ಭೂಮಿ ಸ್ವಲ್ಪವಿದ್ದು ನೀರು ಹೆಚ್ಚಾಗಿರುವುದು ಆರನೆಯದು. ವಾಚಕರು ಈ ಆರನ್ನೂ ನೆನಪಿನಲ್ಲಿ ಇಟ್ಟುಕೊಳ್ಳಬೇಕೆಂದು ಪ್ರಾರ್ಥನೆ. ಇವುಗಳಲ್ಲಿ ಐದು ನಮ್ಮ ಮನೆಬಾಗಿಲಿಗೇ ಬರುವುವು.

ಈಗ ಮತ್ತೆ ನಮ್ಮ ನದಿಗೆ ಬರೋಣ. ವಿಜಯನಗರದ ಅರಸರು ತುಂಗಭದ್ರೆಗೆ ಅಡ್ಡಲಾಗಿ, ನದಿಯ ಬಂಡೆಗಳನ್ನೇ ಆಧಾರವಾಗಿ ಹಿಡಿದು, ದೊಡ್ಡ ದೊಡ್ಡ ಕಲ್ಲುಗಳನ್ನು ಹೊಂದಿಸಿ, ತಗ್ಗಾದ ಅಣೆಗಳನ್ನು ಕಟ್ಟಿಸಿದರು. ನೆರೆ ಬಂದಾಗ ನೀರು ಅವುಗಳ ತಲೆಯ ಮೇಲೆಯೇ ಹಾದುಹೋಗುವುದು. ನೆರೆ ಇಳಿದಾಗ ಕಾಲುವೆಗೆ ತಿರುಗುವುದು. ರಾಯಕಾಲುವೆ, ಬಸವಣ್ಣಕಾಲುವೆ, ಬೆಲ್ಲದ ಕಾಲುವೆ, ತುರ್ತಾ ಕಾಲುವೆ, ರಾಮಸಾಗರದ ಕಾಲುವೆ, ಕಂಪ್ಲಿ ಕಾಲುವೆ, ಸಿರುಗುಪ್ಪದ ಕಾಲುವೆ, ದೇಶನೂರು ಕಾಲುವೆ ಎಂದು ಬಲದಂಡೆಯಲ್ಲಿಯೇ ಇವುಗಳ ಸಾಲು ಉದ್ದವಾಗಿರುವುದು. ಎಡದಂಡೆಯಲ್ಲಿ ಗಂಗಾವತಿ, ಆನೆಗೊಂದಿಗಳ ಕಾಲುವೆಗಳು ಬೇರೆ. ತುರ್ತಾ ಕಾಲುವೆಯು ಹಂಪೆಯ ಪಾಳಿನ ನಡುವೆಯೇ ಹರಿದು, ಗುಡಿಗಳಿಗೂ ಅರಮನೆಯ ನೆಲೆಗೂ ನಡುವಣ ತೋಟಗದ್ದೆಗಳನ್ನು ಹಸುರಾಗಿ ಇಟ್ಟಿರುವುದು. ಹಂಪೆಗೆ ಹೋದವರು ಕಲ್ಲಿನ ರಥವನ್ನು ನೋಡಿ ಬರುವರು. ಆ ಬಾಳೆಯ ತೋಟಗಳ ಬುಡದಲ್ಲಿ ಹರಿಯುವ ನೀರನ್ನು ನಿಂತು ನೋಡುವವರು ವಿರಳ.

೧೫೬೫ರ ಯುದ್ಧದ ತರುವಾಯ ರಾಜಧಾನಿಯು ಹಾಳಾಯಿತು. ಅರಮನೆಯ ಮರದ ಉಪ್ಪರಿಗೆಗಳು ಸುಟ್ಟುಹೋದುವು, ಪೇಟೆಯ ಸಾಲುಗಳು ಬರಿದಾದುವು. ಕಾಲುವೆಗಳು ಮಾತ್ರ ನಿಲ್ಲಲಿಲ್ಲ. ಆಳುವವರು ಎಷ್ಟೋ ಮಂದಿ ಬದಲಾದರು. ನೀರು ಹರಿಯುತ್ತಲೇ ಇದ್ದಿತು, ಇಂದಿಗೂ ಹರಿಯುತ್ತಿರುವುದು. ಇದರ ಕಾರಣವೇನೆಂದು ವಿಚಾರಿಸಿದರೆ ರಹಸ್ಯವೇನೂ ಇಲ್ಲ. ಅರಮನೆಯನ್ನು ಕಾಯುವುದಕ್ಕೆ ಅರಸನಿರಬೇಕಾಗಿತ್ತು. ಅವನು ಹೋದೊಡನೆ ಅದೂ ಹೋಯಿತು. ಕಾಲುವೆಯನ್ನು ಕಾಯುವುದಕ್ಕೆ ಅದರ ನೀರು ಉಣ್ಣುವ ಒಕ್ಕಲಿಗನಿದ್ದನು. ನೀರು ನಿಲ್ಲಿಸಿದ ಕಾಲದಲ್ಲಿ ಹೂಳು ಎತ್ತುವುದು, ಏರಿಯ ಮೇಲಣ ಜಾಲಿಯನ್ನು ಕಡಿಯುವುದು, ಜಾರಿದ ಕಲ್ಲನ್ನು ಸ್ಥಾನದಲ್ಲಿ ಕೂಡಿಸುವುದು, ನೀರಗಂಟಿಯು ಸರದಿಯಂತೆ ಮಡೆ ಕಟ್ಟಿ ಬಿಡುವುದು, ಇವು ಯಾವ ಬಿರುದೂ ಇಲ್ಲದ ಕೆಲಸಗಳು. ಅವನ್ನು ತಲೆತಲಾಂತರದಿಂದ ಮಾಡುತ್ತ ಬಂದುದರಿಂದ ಸಾಮ್ರಾಜ್ಯಕ್ಕಿಂತ ಕಾಲುವೆಯ ಆಯುಸ್ಸು ದೊಡ್ಡದಾಯಿತು.

ಕಾಲುವೆಗಳಿದ್ದುದು ನದಿಯ ಅಂಚಿನ ಊರುಗಳಿಗೆ ಮಾತ್ರ. ಒಳನಾಡಿನ ಎರೆಯ ಹೊಲಗಳೆಲ್ಲ ಮಳೆಯನ್ನೇ ನಂಬಿದ್ದುವು. ೧೮೭೬ರಿಂದ ೧೮೭೮ರ ವರೆಗೆ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ ಬಂದ ಕ್ಷಾಮವು ಬಳ್ಳಾರಿ ಸೀಮೆಯನ್ನು ಹುರಿದು ಹಾಕಿತು. ನಮ್ಮ ಅಜ್ಜಿಯು ತಮ್ಮ ಹಿರಿಯರಿಂದ ಕೇಳಿದ್ದ ಆ ಬರದ ಮಾತುಗಳನ್ನು ಊಟದ ಹೊತ್ತಿನಲ್ಲಿ ಮಾತ್ರ ಎತ್ತಗೊಡುತ್ತಿರಲಿಲ್ಲ. ತಟ್ಟೆಯಲ್ಲಿ ಅನ್ನ ಬಿಟ್ಟರೆ ಏನೂ ನುಡಿಯದೆ ಎದುರಿಗೆ ಬಂದು ಕುಳಿತುಕೊಳ್ಳುತ್ತಿದ್ದರು, ಅಷ್ಟೇ ಸಾಕಾಗುತ್ತಿತ್ತು. ತುಂಗಭದ್ರೆಯ ನೀರನ್ನು ಒಳನಾಡಿಗೆ ತರಬೇಕೆಂಬ ಆಲೋಚನೆಯು ೧೮೬೦ರ ಸುಮಾರಿನಲ್ಲಿಯೇ ಸರ್ ಆರ್ಥರ್ ಕಾಟನ್ನರಿಗೆ ಹೊಳೆದಿದ್ದಿತು. ಆದರೆ ನದಿಯ ಒಂದು ದಡ ಮದ್ರಾಸು ಸರಕಾರದ್ದು, ಇನ್ನೊಂದು ಹೈದರಾಬಾದು ಸಂಸ್ಥಾನದ್ದು. ಮಾತುಕತೆಗಳಲ್ಲಿ ಎಂಬತ್ತು ವರ್ಷಗಳು ಸಂದುವು. ಕಡೆಗೆ ೧೯೪೪ರಲ್ಲಿ ಒಪ್ಪಂದವಾಗಿ, ೧೯೪೫ರ ಫೆಬ್ರುವರಿ ೨೮ರಂದು ಎರಡು ದಡಗಳಲ್ಲಿಯೂ ಶಂಕುಸ್ಥಾಪನೆ ನಡೆಯಿತು. ಎಂಟು ವರ್ಷಗಳ ಮೇಲೆ, ೧೯೫೩ರಲ್ಲಿ, ಕಾಲುವೆಗೆ ನೀರು ಬಂದಿತು. ಅದೇ ವರ್ಷದ ಅಕ್ಟೋಬರ್ ೧ರಂದು ಬಳ್ಳಾರಿಯು ಮದ್ರಾಸಿನಿಂದ ಬಿಡಿಸಿಕೊಂಡು ಮೈಸೂರು ರಾಜ್ಯವನ್ನು ಸೇರಿತು. ಹೊಸ ನೀರೂ ಹೊಸ ರಾಜ್ಯವೂ ನಮಗೆ ಒಂದೇ ವರ್ಷ ಬಂದುವು.

ಆ ಅಣೆಕಟ್ಟು ಕಲ್ಲಿನ ಕಟ್ಟಡ. ಸುಣ್ಣ ಸುರ್ಕಿಗಳ ಗಾರೆಯಿಂದ ಕಟ್ಟಿದುದು. ಸುರ್ಕಿಯೆಂದರೆ ಸುಟ್ಟ ಇಟ್ಟಿಗೆಯ ಪುಡಿ. ನೀರನ್ನು ತಡೆದು ಬಿಡುವುದಕ್ಕೆ ಮೇಲ್ಗಡೆ ೩೩ ಬಾಗಿಲುಗಳು; ಒಂದೊಂದೂ ೬೦ ಅಡಿ ಅಗಲ, ೨೦ ಅಡಿ ಎತ್ತರ. ಈ ಮಹಾಕಾರ್ಯವು ಪುಕ್ಕಟೆಯಾಗಿ ಆಗಲಿಲ್ಲ. ತೊಂಬತ್ತರಷ್ಟು ಊರುಗಳು ನೀರಿನಲ್ಲಿ ಮುಳುಗಿದುವು. ನಾರಾಯಣದೇವರಕೆರೆಯೆಂಬ ತುಂಬಿದ ಊರು ತನ್ನ ಗುಡಿ, ಬಾವಿ, ಅಂಗಳಗಳನ್ನೆಲ್ಲ ಬಿಟ್ಟು ಮರಿಯಮ್ಮನಹಳ್ಳಿಗೆ ಬಂದು ನೆಲಸಬೇಕಾಯಿತು. ವಲ್ಲಭಾಪುರದ ಹಳೆಯ ಅಣೆಯೂ ಮುಳುಗಿ, ರಾಯ ಬಸವಣ್ಣ ಕಾಲುವೆಗಳಿಗೆ ಅಂದಿನಿಂದ ಜಲಾಶಯವೇ ತಾಯಿಯಾಯಿತು. ಕಾಲುವೆಯಿಂದ ಅಲ್ಲೀಪುರದ ಕೆರೆಗೆ ತುಂಬಿ, ಅಲ್ಲಿಂದ ನಮ್ಮ ಬಳ್ಳಾರಿಯ ನಲ್ಲಿಗೆ ಬರುವ ನೀರಿನಲ್ಲಿ ಆ ಬಿಟ್ಟುಬಂದ ಮನೆಗಳ ಋಣವು ಸೇರಿರುವುದೆಂಬುದನ್ನು ಮಕ್ಕಳಿಗೆ ಹೇಳಬೇಕಾದವರು ನಾವು. ಹೇಳುತ್ತಿರುವೆವೇ?

ಇದಿಷ್ಟು ಯೋಗ. ಇನ್ನು ಕ್ಷೇಮದ ಲೆಕ್ಕವನ್ನು ನೋಡೋಣ. ಆರು ದೋಷಗಳ ಪಟ್ಟಿಯನ್ನು ವಾಚಕರು ಮರೆತಿಲ್ಲವಷ್ಟೆ.

ನಡುವೆ ನೆಲವು ಉಬ್ಬುವುದು ನಾಲ್ಕನೆಯ ದೋಷ. ಶಾಸನದವರು ಹೇಳಿದುದು ಹುಟ್ಟಿನಿಂದಲೇ ಇರುವ ದಿಬ್ಬವನ್ನು ಕುರಿತು. ನಾವು ನಮ್ಮ ಜಲಾಶಯಕ್ಕೆ ಅದನ್ನು ಹೂಳಿನ ರೂಪದಲ್ಲಿ ತಂದುಕೊಂಡಿರುವೆವು. ನೂರು ಕೋಟಿ ಘನ ಅಡಿ ನೀರಿಗೆ ಒಂದು ಟಿ.ಎಂ.ಸಿ. ಎಂದು ಹೆಸರು. ಕಟ್ಟಿದಾಗ ಸುಮಾರು ೧೩೩ ಟಿ.ಎಂ.ಸಿ. ಹಿಡಿಯುತ್ತಿದ್ದ ಜಲಾಶಯವು ಇತ್ತೀಚಿನ ಅಳತೆಯಂತೆ ಹಿಡಿಯುವುದು ಸುಮಾರು ೧೦೫.೮ ಮಾತ್ರ. ಐದನೆಯ ಒಂದು ಪಾಲು ಮಣ್ಣಿನ ವಶವಾಯಿತು. ಮೇಲಣ ಸೀಮೆಯಲ್ಲಿ ಕಾಡು ಬೋಳಾದರೆ, ಗುಡ್ಡ ಅಗೆದರೆ, ಹೊಲದ ಬದುವು ಒಡೆದರೆ, ಆ ಮಣ್ಣೆಲ್ಲ ಕೆಳಗೆ ಬಂದು ಕೂಡುವ ಸ್ಥಳವಿದು.

ಸವಳು ಎರಡನೆಯ ದೋಷ. ನೀರಿನ ಹೆಚ್ಚುಕಡಮೆಗಳು ಕಡೆಯ ಎರಡು. ಕಾಲುವೆಯ ತಲೆಯ ಕಡೆಯವರು ಮಿತಿಮೀರಿ ನೀರು ನಿಲ್ಲಿಸಿ ಭತ್ತ ಬೆಳೆದರೆ ಎರೆಯ ಭೂಮಿಯು ಜವಳಾಗಿ, ಉಪ್ಪು ಮೇಲೆದ್ದು, ಚಿನ್ನದಂಥ ಹೊಲವು ಸವಳಾಗುವುದು. ಅದೇ ನೀರಿಗಾಗಿ ಕಾಲುವೆಯ ಕೊನೆಯವನು ಬಾಯಿಬಿಡುತ್ತಿರುವನು. ಒಂದೇ ಕಾಲುವೆಯಲ್ಲಿ ಐದನೆಯ ದೋಷವೂ ಆರನೆಯ ದೋಷವೂ ಕೂಡಿ ವಾಸಿಸುವುದೆಂದರೆ, ಅದು ನೀರಿನ ತಪ್ಪಲ್ಲ, ನೆರೆಹೊರೆಯವರ ತಪ್ಪು.

ಗಡಿಯ ಮೇಲಿರುವುದು ಮೂರನೆಯ ದೋಷ. ಇದನ್ನು ನಮ್ಮ ಅಣೆಕಟ್ಟು ಹುಟ್ಟಿನಿಂದಲೇ ಪಡೆದು ಬಂದಿರುವುದು. ಅಂದು ಎರಡು ಸರಕಾರಗಳು, ಇಂದು ಕರ್ನಾಟಕ, ಆಂಧ್ರಪ್ರದೇಶ, ತೆಲಂಗಾಣವೆಂಬ ಮೂರು ರಾಜ್ಯಗಳು ಈ ನೀರಿಗೆ ಪಾಲುದಾರರು. ಅನೇಕರ ಆಸ್ತಿಯು ಯಾರ ಆರೈಕೆಗೂ ಸಿಕ್ಕದೆ ಹೋಗುವ ಭಯ ಯಾವಾಗಲೂ ಉಂಟು. ಅಣ್ಣತಮ್ಮಂದಿರು ಹಂಚಿಕೊಳ್ಳದೆ ಉಳಿಸಿಕೊಂಡ ಹಳೆಯ ಮನೆಯ ಮಾಡು ಸೋರುವುದನ್ನು ಯಾರು ತಾನೆ ಕಂಡಿಲ್ಲ? ಬಾಡಿಗೆಯ ಪಾಲಿಗೆ ಎಲ್ಲರೂ ಬರುವರು. ಹೆಂಚು ಹೊದಿಸುವ ದಿನ ಒಬ್ಬರಿಗೂ ಬಿಡುವಿರುವುದಿಲ್ಲ.

ಇಂಥ ಸ್ಥಿತಿಯಲ್ಲಿ ೨೦೨೪ರ ಆಗಸ್ಟ್ ೧೦ರ ರಾತ್ರಿ ಆ ಸರಪಣಿ ಕಡಿಯಿತು. ಜಲಾಶಯವು ತುಂಬಿನಿಂತ ಕಾಲ. ಹೋದ ಬಾಗಿಲೊಂದರಿಂದಲೇ ಸೆಕೆಂಡಿಗೆ ಸುಮಾರು ೩೫,೦೦೦ ಘನ ಅಡಿ ನೀರು ಧುಮುಕತೊಡಗಿತು. ಅಣೆಕಟ್ಟಿನ ಮೇಲಣ ಒತ್ತಡ ಇಳಿಯಲೆಂದು ಉಳಿದ ಬಾಗಿಲುಗಳನ್ನೂ ತೆರೆದು ನೀರು ಬಿಡಬೇಕಾಯಿತು. ಬಾಗಿಲಿನ ತಳದ ಮಟ್ಟಕ್ಕೆ ಇಳಿಯುವ ವರೆಗೆ ೬೦ ಟಿ.ಎಂ.ಸಿ.ಯಷ್ಟು ನೀರು ಹೋದ ಮೇಲೆಯೇ ದುರಸ್ತಿ ಸಾಧ್ಯವೆಂದು ಮೊದಲು ಅಂದಾಜಾಗಿತ್ತು. ಹಾಗಾಗಿದ್ದರೆ ಆ ವರ್ಷದ ಬೆಳೆಯ ಆಸೆಯನ್ನು ಬಿಡಬೇಕಾಗುತ್ತಿತ್ತು.

ಆಗ ಬಾಗಿಲುಗಳ ಕೆಲಸದಲ್ಲಿ ನುರಿತ ವಯೋವೃದ್ಧರಾದ ಶ್ರೀ ಕನ್ನಯ್ಯ ನಾಯ್ಡು ಎಂಬವರನ್ನು ಕರೆಯಿಸಿದರು. ನೀರು ಹರಿಯುತ್ತಿರುವಾಗಲೇ, ಹೋದ ಬಾಗಿಲಿನ ಸ್ಥಾನದಲ್ಲಿ ಉಕ್ಕಿನ ಅಡ್ಡಹಲಗೆಗಳನ್ನು ಒಂದರ ಮೇಲೊಂದರಂತೆ ಇಳಿಬಿಡುವುದೆಂದು ನಿಶ್ಚಯವಾಯಿತು. ಸುತ್ತಣ ಕಾರ್ಖಾನೆಗಳಲ್ಲಿ ಕೆಲಸಗಾರರು ಹಗಲಿರುಳೂ ದುಡಿದು ಅಂಥ ಐದು ಹಲಗೆಗಳನ್ನು ಸಿದ್ಧಪಡಿಸಿದರು. ೧೬ನೆಯ ತಾರೀಖು ಶುಕ್ರವಾರ ವರಮಹಾಲಕ್ಷ್ಮಿಯ ಹಬ್ಬ. ನಮ್ಮ ಮನೆಯಲ್ಲಿ ಕಲಶ ಕೂಡಿಸುವಾಗ ತುಂಬಿದ ತಂಬಿಗೆಯನ್ನು ನೋಡಿ ಹೆಂಗಸರೆಲ್ಲ ಒಂದು ಗಳಿಗೆ ಮಾತಿಲ್ಲದೆ ನಿಂತುಬಿಟ್ಟರು. ಆ ದಿನವೇ ಕತ್ತಲಾಗುವ ಹೊತ್ತಿಗೆ ಮೊದಲನೆಯ ಹಲಗೆಯು ಸ್ಥಾನದಲ್ಲಿ ಕುಳಿತ ಸುದ್ದಿ ಬಂದಿತು. ಮರುದಿನ ಉಳಿದ ನಾಲ್ಕೂ ಕುಳಿತು ನೀರು ನಿಂತಿತು. ಸುಮಾರು ೭೦ ಟಿ.ಎಂ.ಸಿ. ನೀರು ಉಳಿಯಿತು. ಸೆಪ್ಟೆಂಬರಿನಲ್ಲಿ ಮಳೆ ಒದಗಿ ಜಲಾಶಯವು ಮತ್ತೆ ತುಂಬಿತು. ಹರಿಹರದ ೧೪೨೪ರ ಶಾಸನವನ್ನು ಹೋಲುವ ಕಾರ್ಯ ಇದು. ಕೆಲಸಗಾರರ ಹೆಸರುಗಳನ್ನು ಕಲ್ಲಿನ ಮೇಲೆ ಬರೆಯಿಸುವವರಿದ್ದರೆ ಬರೆಯಿಸಲಿ.

ಆದರೆ ಈ ಗೆಲುವನ್ನು ಹೊಗಳಿ ಸುಮ್ಮನಾದರೆ ಪಾಠ ಕಲಿತಂತಾಗಲಿಲ್ಲ. ಒಡೆದ ಮೇಲೆ ಓಡಾಡುವುದು ಸಾಹಸ; ಒಡೆಯದಂತೆ ನೋಡಿಕೊಳ್ಳುವುದು ಕ್ಷೇಮ. ಸಾಹಸಕ್ಕೆ ಚಪ್ಪಾಳೆಯುಂಟು. ವರ್ಷಕ್ಕೊಮ್ಮೆ ಸರಪಣಿಗೆ ಎಣ್ಣೆ ಹಾಕಿ, ಕೊಂಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ಸವೆದುದನ್ನು ಸಕಾಲದಲ್ಲಿ ಬದಲಾಯಿಸುವವನಿಗೆ ಅದಿಲ್ಲ. ಅವನ ಕೆಲಸ ಚೆನ್ನಾಗಿ ನಡೆದ ವರ್ಷ ಯಾವ ಸುದ್ದಿಯೂ ಹುಟ್ಟುವುದಿಲ್ಲ. ಸುದ್ದಿ ಹುಟ್ಟದಿರುವುದೇ ಅವನ ಯಶಸ್ಸು.

ಇದನ್ನು ಗಂಡಸರಿಗಿಂತ 'ಮನೆ ನಡೆಸುವ ಹೆಂಗಸರು' ಚೆನ್ನಾಗಿ ಬಲ್ಲರು. ಬಿತ್ತನೆಯ ಜೋಳಕ್ಕೆ ಬೂದಿ ಬೆರಸಿ ಗಡಿಗೆಯಲ್ಲಿ ಕಟ್ಟಿಡುವುದು, ಮಳೆಗಾಲಕ್ಕೆ ಮೊದಲು ಬೇಳೆಕಾಳನ್ನು ಬಿಸಿಲಿಗೆ ಹರವುವುದು, ಉಪ್ಪಿನಕಾಯಿಯ ಜಾಡಿಗೆ ಒದ್ದೆಯ ಕೈ ತಾಗದಂತೆ ಕಾಯುವುದು, ಇವೆಲ್ಲ ಕ್ಷೇಮದ ಕಾರ್ಯಗಳೇ. ಗಂಡನ ಗಳಿಕೆಯ ಕಥೆಯನ್ನು ಊರು ಬಲ್ಲದು. ಆ ಗಳಿಕೆಯಿಂದ ವರ್ಷವೆಲ್ಲ ಮನೆ ನಡೆದುದರ ಕಥೆಯು ಅಡುಗೆಮನೆಗೆ ಮಾತ್ರ ಗೊತ್ತು. ಒಂದು ದೇಶದ ಸಂಸ್ಕೃತಿಯನ್ನು ಅಳೆಯುವುದಕ್ಕೆ ಅದು ಏನು ಕಟ್ಟಿತು ಎಂಬುದಕ್ಕಿಂತ, ಕಟ್ಟಿದುದನ್ನು ಎಷ್ಟು ಕಾಲ ಕಾಪಾಡಿತು ಎಂಬುದು ನಿಜವಾದ ಅಳತೆಗೋಲೆಂದು ನನಗೆ ಈಗ ತೋರುತ್ತಿದೆ.

ಹಾಗಾದರೆ ನಾವು ಗೃಹಸ್ಥರು ಮಾಡಬೇಕಾದುದೇನು? ಅಣೆಕಟ್ಟಿನ ಬಾಗಿಲು ನಮ್ಮ ಕೈಯಲ್ಲಿಲ್ಲ, ನಿಜ. ನಮ್ಮ ಮನೆಯ ನಲ್ಲಿಯಂತೂ ನಮ್ಮ ಕೈಯಲ್ಲಿರುವುದು. ನೀರು ಬಿಡುವ ದಿನ ತೊಟ್ಟಿ ತುಂಬಿ ಬೀದಿಗೆ ಹರಿಯುತ್ತಿದ್ದರೂ ಎದ್ದು ತಿರುಗಿಸದವನು ಅಣೆಕಟ್ಟಿನವರನ್ನು ಬಯ್ಯುವುದಕ್ಕೆ ಅಧಿಕಾರಿಯಲ್ಲ. ಹಂಪೆಗೋ ಮಂತ್ರಾಲಯಕ್ಕೋ ಹೋದಾಗ ಸ್ನಾನ ಮಾಡಿ ಹಳೆಯ ಬಟ್ಟೆಯನ್ನು ನದಿಯಲ್ಲಿಯೇ ಬಿಟ್ಟುಬರುವುದು ಯಾವ ಶಾಸ್ತ್ರದಲ್ಲಿಯೂ ಪುಣ್ಯವೆನಿಸದು; ಕುಡಿಯುವ ನೀರಿಗೆ ಕೊಳೆ ಹಾಕುವುದನ್ನು ಸ್ಮೃತಿಕಾರರು ದೋಷವೆಂದೇ ಎಣಿಸಿರುವರು. ಬೇಸಾಯಗಾರರಾದ ನೆಂಟರಿರುವವರು ಕಾಲುವೆಯ ಕೊನೆಯ ಹೊಲದವನ ಸರದಿಯನ್ನು ತಪ್ಪಿಸಬೇಡಿರೆಂದು ಹೇಳಿಕೊಡಬೇಕು. ಮತ ಕೇಳಲು ಬಂದವರನ್ನು ಹೊಸದಾಗಿ ಏನು ಕಟ್ಟಿಸುವಿರಿ ಎಂದು ಕೇಳುವುದರ ಜೊತೆಗೆ, ಹಳೆಯದನ್ನು ಹೇಗೆ ನೋಡಿಕೊಂಡಿರಿ ಎಂದೂ ಒಂದು ಮಾತು ಕೇಳಬೇಕು.

ಆ ವರ್ಷ ನನ್ನ ಅಳಿಯನು ನನ್ನ ಉತ್ತರಕ್ಕಾಗಿ ಕಾಯದೆ ಎಂಟು ದಿನ ತಡಮಾಡಿ ನಾಟಿ ಮಾಡಿಸಿದನು. ಬೆಳೆ ಕೈಗೆ ಬಂದಿತು. ಸಂಕ್ರಾಂತಿಗೆ ಬಂದಾಗ ಹೊಸ ಅಕ್ಕಿಯ ಚೀಲವನ್ನು ಜಗುಲಿಯ ಮೇಲಿಟ್ಟು, "ಮಾವ, ಮುಂದಿನ ವರ್ಷ ನೀರು ಬಿಡೋಕಿಂತ ಮೊದಲ ನಮ್ಮ ಮರಿಗಾಲುವಿ ಹೂಳು ನಾವ ತೆಗಿಯೋದು ಅಂತ ಹತ್ತು ಮಂದಿ ಮಾತಾಡೀವಿ" ಎಂದನು. ಆ ಮಾತನ್ನು ಕೇಳಿ ನನಗೆ ಅಕ್ಕಿಯನ್ನು ಕಂಡುದಕ್ಕಿಂತ ಹೆಚ್ಚು ಸಂತೋಷವಾಯಿತು. ಯೋಗವನ್ನು ನಮ್ಮ ಹಿಂದಿನವರು ಪಡೆದುಕೊಟ್ಟು ಹೋದರು. ಕ್ಷೇಮವು ನಮ್ಮ ಪಾಲಿಗೆ ಬಂದ ಕೆಲಸ.

ವಾಚಕ ಬಂಧುಗಳು ತಮ್ಮ ತಮ್ಮ ಊರಿನ ಹೊಳೆ, ಕೆರೆ, ಬಾವಿಗಳ ಯೋಗಕ್ಷೇಮಕ್ಕೆ ಬರೆಯುತ್ತಿರಬೇಕೆಂದು ವಿಜ್ಞಾಪನೆ.